ಅವಳ ಮೂವತ್ತು

"ಗೋಡೆ ಮುಟ್ಟಬಾರದು ಸರ್. ಬಲಗಾಲ ಮೇಲೆ ಮೂವತ್ತು ಸೆಕೆಂಡು ನಿಂತ್ರೆ ಕಾಲು ಗಟ್ಟಿ ಇದೆ ಅಂತ ಸಹಿ ಹಾಕ್ಕೊಡ್ತೀನಿ, ಭಾನುವಾರ ಬೆಟ್ಟಕ್ಕೆ ಹೋಗಿ," ಎಂದು ಫಿಸಿಯೋಥೆರಪಿಸ್ಟ್ ಹುಡುಗಿ ಮೊಬೈಲಿನ ಸ್ಟಾಪ್‌ವಾಚ್ ತೆರೆದಳು.

ಅರವತ್ತೆಂಟರ ಮಾಜಿ ಬಸ್ ಡ್ರೈವರ್ ಚಪ್ಪಲಿ ಬಿಟ್ಟ. ಕ್ಲಚ್ ತುಳಿದು ತುಳಿದು ಗಟ್ಟಿಯಾದ ಎಡಗಾಲಿನ ಚಿಂತೆ ಅವನಿಗಿರಲಿಲ್ಲ. ಕೈಕೊಟ್ಟದ್ದು ಬಲಸೊಂಟ. ಕಳೆದ ವರ್ಷ ಬೆಟ್ಟ ಇಳಿಯುವಾಗ ಉರುಳಿಬಿದ್ದದ್ದೂ ಅದರಿಂದಲೇ. ಬಾಗಿಲಲ್ಲಿ ಮಗಳು ಕೈಕಟ್ಟಿ ನಿಂತಿದ್ದಳು. ಅಮ್ಮ ಹೋದ ಮೇಲೆ ಅಪ್ಪ ಒಬ್ಬನೇ ಬೆಟ್ಟ ಹತ್ತುವುದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ.

ಬಿದ್ದವನನ್ನು ದಿನಾ ಒಂಟಿಕಾಲಲ್ಲಿ ನಿಲ್ಲಿಸುತ್ತಿದ್ದವಳು ಹೆಂಡತಿ. ಟೈಲರ್ ಅವಳು. ಬಟ್ಟೆಯ ಅಂಚಿಗೆ ಕೈಹೊಲಿಗೆ ಹಾಕುತ್ತ, ಹೊಲಿಗೆಗೊಂದರಂತೆ ಮೂವತ್ತರವರೆಗೆ ಎಣಿಸುತ್ತಿದ್ದಳು. ಇಪ್ಪತ್ತು ಮುಟ್ಟುವಷ್ಟರಲ್ಲಿ ಅವನ ಪ್ರಾಣ ಬಾಯಿಗೆ ಬರುತ್ತಿತ್ತು.

"ನಿನ್ನ ಮೂವತ್ತು ಬರೋದ್ರೊಳಗೆ ನನ್ನ ಕಾಲೇ ಬಿದ್ಹೋಗತ್ತೆ. ಬೇಗ ಎಣಿಸೇ!"

"ಹೊಲಿಗೆ ನೆಟ್ಟಗೆ ಬೀಳಬೇಡ್ವಾ? ಸುಮ್ನೆ ನಿಂತ್ಕೊಳ್ರೀ."

ಕಾಯಿಲೆ ಅವಳನ್ನು ಹಾಸಿಗೆಗೆ ಕೆಡವಿದ ಮೇಲೂ ಎಣಿಕೆ ತಪ್ಪಲಿಲ್ಲ. ಕೈಯಲ್ಲಿ ಸೂಜಿ ಇರಲಿಲ್ಲ, ಆದರೂ ಅದೇ ನಿಧಾನ. ಪಾಪ, ಉಸಿರು ಸಾಲುತ್ತಿಲ್ಲ ಎಂದುಕೊಂಡು ಅವನು ಗೊಣಗುವುದನ್ನು ಬಿಟ್ಟ.

ಈಗ ಎಡಗಾಲೆತ್ತಿ ಸೊಂಟ ಬಿಗಿಹಿಡಿದ. ಮನಸ್ಸಿನೊಳಗೆ ಅವಳ ಧ್ವನಿಯಲ್ಲೇ ಎಣಿಕೆ ಶುರುವಾಯಿತು. ಹನ್ನೆರಡು. ಹದಿಮೂರು. ಹದಿನಾಲ್ಕು.

"ಆಯ್ತು ಸರ್, ಮೂವತ್ತು! ಕಾಲಿಳಿಸಿ."

"ಇನ್ನೂ ಹದಿನಾಲ್ಕಮ್ಮ. ನಿನ್ನ ಗಡಿಯಾರ ಮುಂದೆ ಓಡ್ತಿರಬೇಕು."

"ಗಡಿಯಾರ ಸರಿಯಾಗೇ ಇದೆ ಸರ್." ಹುಡುಗಿ ಮೊಬೈಲು ತೋರಿಸಿದಳು.

ಅವನು ಒಂಟಿಕಾಲಲ್ಲೇ ಮಗಳತ್ತ ನೋಡಿದ. ಅವಳು ಮುಖ ತಿರುಗಿಸಿದಳು.

"ಒಂದು ದಿನ ನಾನೇ ಕೇಳ್ದೆ ಅಪ್ಪ, ಯಾಕಮ್ಮ ಅಪ್ಪನ್ನ ಹೀಗೆ ಗೋಳು ಹೊಯ್ಕೋತೀಯಾ, ಸ್ವಲ್ಪ ಬೇಗ ಎಣಿಸಬಾರದಾ ಅಂತ. ಮುಂದಿನ ಸಲ ಬಿದ್ರೆ ಹಿಡ್ಕೊಳ್ಳೋಕೆ ನಾನಿರಲ್ವಲ್ಲೇ, ಅಂದ್ಳು. ನಿಮಗೆ ಹೇಳಿದ್ರೆ ಒಬ್ರೇ ಹೊರಟುಬಿಡ್ತೀರಿ ಅಂತ ಇಷ್ಟು ದಿನ ಬಾಯಿ ಬಿಡ್ಲಿಲ್ಲ."

ಹುಡುಗಿ ಸಹಿ ಹಾಕಿದ ಕಾಗದ ಚಾಚಿದಳು. ಅವನು ಕೈ ನೀಡಲಿಲ್ಲ. ಕಣ್ಣೀರು ಗದ್ದಕ್ಕಿಳಿದರೂ ಒರೆಸಿಕೊಳ್ಳಲಿಲ್ಲ. ಎತ್ತಿದ ಕಾಲು ಎತ್ತಿದಂತೆಯೇ ಇತ್ತು.

"ಇರಮ್ಮ, ಅವಳ ಮೂವತ್ತು ಇನ್ನೂ ಆಗಿಲ್ಲ," ಎಂದ.

ಮಗಳು ಬಾಗಿಲು ಬಿಟ್ಟು ಹತ್ತಿರ ಬಂದಳು. ಅವನನ್ನು ಮುಟ್ಟಲಿಲ್ಲ.

"ಹದಿನೈದು," ಎಂದಳು, ಅಮ್ಮನಷ್ಟೇ ನಿಧಾನವಾಗಿ.