ನಮ್ಮ ಬೀದಿಯ ಹಸಿರು ಚುಕ್ಕಿಗಳು

ನನ್ನ ತಮ್ಮ ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯುವವನು. ಊರು ಬೆಳೀತಿರೋ ರಭಸಕ್ಕೆ ಆ ಕಚೇರಿಯವರಿಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಮೊನ್ನೆ ದನ ಮೇಯ್ತಿದ್ದ ಬಯಲಲ್ಲಿ ಇವತ್ತು ಸಾಲು ಸಾಲು ಮನೆ. ಮುಂದಿನ ಇಪ್ಪತ್ತು ವರ್ಷಕ್ಕೆ ಎಲ್ಲಿ ರಸ್ತೆ, ಎಲ್ಲಿ ಶಾಲೆ ಅಂತ ಅವರು ಈಗಲೇ ಗೆರೆ ಎಳೆದಿಡಬೇಕು.

ಅದಕ್ಕೆ ಜನರನ್ನ ಕೇಳೋಕೆ ಅವರದೊಂದು ಪದ್ಧತಿ. ಶಾಲೆಯ ಸಭಾಂಗಣದಲ್ಲಿ ಗೋಡೆಯಗಲ ನಕ್ಷೆ ತೂಗುಹಾಕ್ತಾರೆ. ಬಾಗಿಲಲ್ಲಿ ಒಬ್ಬೊಬ್ಬರ ಕೈಗೂ ಅಂಟಿಸೋ ಚುಕ್ಕಿ ಕೊಡ್ತಾರೆ. ಸೌಕರ್ಯ ಬೇಕಾದ ಕಡೆ ಹಸಿರು, ಬೇಡವಾದ ಕಡೆ ಕೆಂಪು. ಬಾಯಿ ಬಿಡೋ ಹಾಗೇ ಇಲ್ಲ. ಸಭೆ ಅಂದ್ರೆ ಬರೀ ಜಗಳ ಆಗ್ತಿತ್ತಂತೆ, ಅದಕ್ಕೇ ಈ ಉಪಾಯ.

"ಅಕ್ಕ, ಚುಕ್ಕಿ ಇಲ್ಲದ ಬೀದಿ ನಮ್ಮ ಸಾಹೇಬರ ಕಣ್ಣಿಗೇ ಬೀಳಲ್ಲ," ಅಂದ ತಮ್ಮ.

ಅಷ್ಟು ಹೇಳಿದ್ದೇ ತಡ, ಹೊಲಿಗೆ ಬಿಟ್ಟೆದ್ದು ಬೀದಿಯವರನ್ನೆಲ್ಲ ಹೊರಡಿಸಿದೆ. ಸೈಕಲ್ ರಿಪೇರಿಯವನಂತೂ ಅರ್ಧ ಊರನ್ನೇ ಕರ್ಕೊಂಡು ಬಂದ. ಬಾಯಿ ಮುಚ್ಚದ ಆಸಾಮಿ, ಎಲ್ಲರೂ ಅವನನ್ನ ಕರೆಯೋದೇ ರೇಡಿಯೋ ಅಂತ. ನಮಗೆ ಬೇಕಿದ್ದದ್ದು ಏನು ಮಹಾ? ದೀಪದ ಕಂಬ, ಒಂದು ಮುಚ್ಚಿದ ಚರಂಡಿ, ಆಗೋದಾದ್ರೆ ಒಂದು ಬಸ್ ನಿಲ್ದಾಣ. ಇದ್ದಬದ್ದ ಹಸಿರನ್ನೆಲ್ಲ ನಮ್ಮ ಬೀದಿ ಮೇಲೇ ಅಂಟಿಸಿದ್ವಿ. ದಡಾರ ಎದ್ದ ಮಗುವಿನ ಬೆನ್ನಿನ ಹಾಗಿತ್ತು ನಕ್ಷೆ. ಎಷ್ಟು ನಕ್ಕಿದ್ವಿ ಆವತ್ತು!

ಯೋಜನೆ ಹೊರಬಿತ್ತು. ಊರಲ್ಲೇ ಅತಿ ಅಗಲವಾದ ಹೊಸ ರಸ್ತೆ, ನಮ್ಮ ಬೀದಿ ಮೇಲೆ. ಎರಡೂ ಸಾಲಿನ ಮನೆಗಳು ರಸ್ತೆಯ ಗೆರೆಯ ಒಳಗೆ. ಚುಕ್ಕಿಗೇನು ಬಾಯಿ ಇದೆಯಾ, ನಾನು ದೀಪದ ಕಂಬ ಅಂತ ಹೇಳೋಕೆ?

ನನಗೆ ಅದರ ಬಿಸಿ ತಟ್ಟಿದ್ದು ಆಮೇಲೆ. ನಮ್ಮನೆಯವರು ಬಸ್ ಡ್ರೈವರ್. ನೀರಿನ ಟ್ಯಾಂಕ್ ನೋಡೋಕೆ ಮಾಳಿಗೆ ಹತ್ತಿದವರು ಬಿದ್ದು ಬೆನ್ನುಮೂಳೆ ಮುರ್ಕೊಂಡ್ರು. ಜೀವ ಉಳೀತು, ಕಾಲು ಹೋಯ್ತು. ಕೆಳಗೆ ನನ್ನ ಹೊಲಿಗೆ ಅಂಗಡಿ, ಎರಡು ಮೆಷಿನ್ನು, ಕತ್ತರಿಸೋ ಮೇಜು, ನಿಂತರೆ ಕೂರೋಕೆ ಜಾಗ ಇಲ್ಲ. ಸಂಸಾರ ಮೇಲೆ. ಮೆಟ್ಟಿಲು ಒಬ್ಬರು ಅಡ್ಡ ತಿರುಗಿ ಹೋಗಬೇಕು ಅಷ್ಟು ಇಕ್ಕಟ್ಟು. ಊರೆಲ್ಲ ತಿರುಗಿದ ಮನುಷ್ಯ ಒಂದು ಮಂಚ, ಒಂದು ಕುರ್ಚಿ, ಒಂದು ಬಚ್ಚಲು ಅಂತ ಮೇಲೇ ಕೂತುಬಿಟ್ರು.

ಅಂಗಡಿ ಹಿಂದೆ ಖಾಲಿ ಜಾಗ ಇತ್ತು. ಅಲ್ಲೊಂದು ಕೋಣೆ, ಪಕ್ಕದಲ್ಲೇ ಬಚ್ಚಲು ಕಟ್ಟಿಸಿಬಿಟ್ರೆ ಅವರು ಗಾಲಿ ಕುರ್ಚಿಯಲ್ಲಿ ಸೀದಾ ಬೀದಿಗೆ ಬರಬಹುದು. ಅನುಮತಿ ಕೇಳಿದೆ. ಆಗಲ್ಲ ಅಂದ್ರು. ಗೆರೆಯ ಒಳಗಿನ ಮನೆಗೆ ಒಂದು ಇಟ್ಟಿಗೆ ಸೇರಿಸೋ ಹಾಗಿಲ್ಲವಂತೆ. ಹಾಗಾದರೆ ಮಾರಿ ಹೋಗೋಣ ಅಂದ್ರೆ ಗೆರೆಯೊಳಗಿನ ಮನೆ ಯಾವ ಪುಣ್ಯಾತ್ಮ ಕೊಳ್ತಾನೆ?

ಮನೆಗೆ ಬಂದ ತಮ್ಮನನ್ನ ಹಿಡ್ಕೊಂಡೆ.

"ರಸ್ತೆ ಯಾವಾಗ ಮಾಡ್ತೀರೋ?"

"ಗೊತ್ತಿಲ್ಲ ಅಕ್ಕ. ಹತ್ತು ವರ್ಷ ಆಗಬಹುದು, ಇಪ್ಪತ್ತೂ ಆಗಬಹುದು. ಮಾಡದೇನೂ ಇರಬಹುದು."

"ಮಾಡದೇ ಇರೋ ರಸ್ತೆಗೆ ನಿಮ್ಮ ಭಾವ ಮೇಲೆ ಕೂತು ಸಾಯಬೇಕಾ?"

"ಗೆರೆ ಬರೆದವನು ನಾನೇ, ಅಳಿಸೋ ಅಧಿಕಾರ ನನಗಿಲ್ಲ. ನಾನು ಬಾಯಿ ಬಿಟ್ರೆ ಸ್ವಂತ ಅಕ್ಕನ ಮನೆಗೋಸ್ಕರ ಅಂತಾರೆ. ಮರುಪರಿಶೀಲನೆ ಸಭೆ ಇದೆ. ಬಂದು ಕೆಂಪು ಅಂಟಿಸಿ. ಇನ್ನೇನು ಹೇಳಲಿ?"

ಒಳಗಿಂದ ಇವರು ಕೂಗಿದ್ರು, "ಅವನನ್ನ ಯಾಕೆ ಗೋಳು ಹುಯ್ಕೋತೀಯೇ, ಟೀ ಕೊಡು." ಕೊಟ್ಟೆ. ಅವನು ತಲೆ ಎತ್ತದೆ ಕುಡಿದು ಹೋದ.

ಚುಕ್ಕಿ ಅವರವರೇ ಬಂದು ಅಂಟಿಸಬೇಕು, ಅದು ನಿಯಮ. ನಮಗೆ ಒಂದೊಂದು ಕೆಂಪೂ ಬೇಕಿತ್ತು. ಇವರನ್ನೂ ಕರ್ಕೊಂಡು ಹೋಗೋದು ಅಂತಾಯ್ತು. ರೇಡಿಯೋ ಇಬ್ಬರನ್ನ ಕರ್ಕೊಂಡು ಬಂದ. ಇವರನ್ನ ಗಾಲಿ ಕುರ್ಚಿಗೆ ಬೆಲ್ಟಿನಿಂದ ಕಟ್ಟಿ, ಗೋಡೆಗೆ ಉಜ್ಜಿಕೊಂಡು, "ಹುಷಾರು, ಇದು ಬಸ್ಸಲ್ಲ, ಡ್ರೈವರ್ರು!" ಅಂತ ಹರಟುತ್ತ ಇಳಿಸಿದ. ಕೆಳಗೆ ಬಂದ ಮೇಲೆ ಇವರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಿದ್ರು. ಬೆಳಿಗ್ಗೆಯೇ ಗಡ್ಡ ಮಾಡ್ಕೊಂಡು ಕೆಲಸದ ಅಂಗಿ ಹಾಕಿದ್ರು.

ಸಭಾಂಗಣದ ತುಂಬ ಜನ. ನಮ್ಮವರಲ್ಲ, ಆಚೆ ಬಯಲಿನ ಹೊಸ ಮನೆಗಳವರು. ಎಲ್ಲರ ಕೈಯಲ್ಲೂ ಹಸಿರು. ಮುಂದೆ ನಿಂತಿದ್ದ ಒಬ್ಬ ಹೆಂಗಸನ್ನ ಕೇಳಿಯೇಬಿಟ್ಟೆ, "ನಮ್ಮ ಮನೆ ಮೇಲೇ ನಿಮಗೆ ರಸ್ತೆ ಬೇಕಾ?" ಅವಳ ಸೊಂಟದಲ್ಲಿ ಮಗು. "ಏನು ಮಾಡೋದು ಅಮ್ಮ," ಅಂದಳು, "ಮಗೂಗೆ ಉಸಿರಾಟದ ತೊಂದರೆ. ಆಸ್ಪತ್ರೆಗೆ ಕೆರೆ ಸುತ್ತಿ ಬರಬೇಕು. ಈ ರಸ್ತೆ ಬರುತ್ತೆ ಅಂತಾನೇ ಇದ್ದದ್ದೆಲ್ಲ ಮಾರಿ ಅಲ್ಲಿ ಮನೆ ತಗೊಂಡ್ವಿ." ಬೈಯೋಕೂ ಯಾರೂ ಸಿಗಲಿಲ್ಲವಲ್ಲ ಅಂತ ಅಳು ಬಂತು.

ಇವರು ಕೈಯೆತ್ತಿ ನಮ್ಮ ಮನೆ ಮೇಲೆ ಕೆಂಪು ಅಂಟಿಸಿದ್ರು. ಸರದಿ ಮುಗಿಯೋಷ್ಟರಲ್ಲಿ ಅದರ ಮೇಲೂ ಹಸಿರು ಬಿದ್ದಿತ್ತು. ಎಣಿಸೋ ಅಗತ್ಯವೇ ಬರಲಿಲ್ಲ. ಗೆರೆ ಇದ್ದ ಹಾಗೇ ಇರುತ್ತೆ ಅಂತ ಸಾಹೇಬರು ಓದಿದ್ರು. ತಮ್ಮ ನಕ್ಷೆಯ ಪಕ್ಕ ನಿಂತು ತನ್ನ ಬೂಟು ನೋಡ್ತಿದ್ದ.

ವಾಪಸ್ ಬರುವಾಗ ಇವರು ಅಂದ್ರು, "ರೇಡಿಯೋ, ಬಸ್ ಡಿಪೋ ಕಡೆಯಿಂದ ಹೋಗೋಣಪ್ಪ."

"ಅದು ಸುತ್ತು ದಾರಿ, ಡ್ರೈವರ್ರೇ."

"ಇರಲಿ. ಆತುರ ಏನಿದೆ?"

ರೇಡಿಯೋ ಅಷ್ಟು ದೂರವೂ ಬಾಯಿ ಮುಚ್ಚಿಕೊಂಡು ತಳ್ಳಿದ. ಡಿಪೋ ಗೇಟಿನ ಹತ್ತಿರ ಇಬ್ಬರು ಹಳೇ ಜೊತೆಗಾರರು ಓಡಿ ಬಂದು ಬೆನ್ನು ತಟ್ಟಿದ್ರು. ಇವರು ನಕ್ಕರು. ಆ ನಗು ನೋಡಿ ಎಷ್ಟು ಕಾಲ ಆಗಿತ್ತು! ಮತ್ತೆ ಯಾವಾಗ ಬರ್ತೀಯಾ ಅಂತ ಅವರು ಕೇಳಿದ್ರು. ಇವರು ನನ್ನ ಕಡೆ ನೋಡಿದ್ರು. ನಾನು ಸೆರಗು ಸರಿ ಮಾಡ್ಕೊಂಡೆ.

ಮನೆ ಬಂತು. ರೇಡಿಯೋ ಬೆಲ್ಟ್ ಬಿಗಿದ, ಇನ್ನಿಬ್ಬರು ಕುರ್ಚಿ ಎತ್ತಿದ್ರು. ಎತ್ತಿದ ಕುರ್ಚಿ ಮುಂದೆ ಹೋಗಲಿಲ್ಲ. ಇವರು ಮೆಟ್ಟಿಲ ಬುಡದ ಕಬ್ಬಿಣದ ಕಂಬಿಯನ್ನ ಎರಡೂ ಕೈಯಲ್ಲಿ ಹಿಡ್ಕೊಂಡಿದ್ರು.

"ಬಿಡಿ ಡ್ರೈವರ್ರೇ," ಅಂದ ರೇಡಿಯೋ, ಮೆಲ್ಲಗೆ.

ಬಿಡಲಿಲ್ಲ. ಸ್ಟೀರಿಂಗ್ ಹಿಡಿದು ಗಟ್ಟಿಯಾದ ಕೈ, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಕುರ್ಚಿ ಹೊತ್ತವರ ತೋಳು ನಡುಗ್ತಿತ್ತು, ಇನ್ನು ಒಂದು ಗಳಿಗೆ ಆದರೆ ಎಲ್ಲರೂ ಒಟ್ಟಿಗೆ ಬೀಳೋದೇ.

"ಏನು ರೀ ಇದು, ಸಣ್ಣ ಮಗು ಥರ?" ಅಂತ ಗದರಿದೆ. ನನ್ನ ದನಿ ನನಗೇ ಅಸಹ್ಯ ಆಯ್ತು. ಅವರ ಮುಖ ನೋಡೋಕಾಗದೆ ಬಗ್ಗಿ ಕೂತು, ಕಂಬಿಯಿಂದ ಅವರ ಬೆರಳನ್ನ ಒಂದೊಂದಾಗಿ ನಾನೇ ಬಿಡಿಸಿದೆ.