ಹತ್ತಿ ಅಕ್ಕನ ಬಲಗೈ

ಹತ್ತಿ ಅಕ್ಕನ ಬಲಗೈ ಖಾಲಿಯಿದ್ದುದನ್ನು ಕಂಡವರು ನಮ್ಮ ಮಕ್ಕಳ ವಾರ್ಡಿನಲ್ಲಿ ಯಾರೂ ಇರಲಿಲ್ಲ. ಸೂಜಿ ಹಿಡಿಯದ ಹೊತ್ತಿನಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಹತ್ತಿಯುಂಡೆ ಸದಾ ಉರುಳುತ್ತಿತ್ತು. ಡಾಕ್ಟರರೊಡನೆ ಮಾತಾಡುವಾಗ, ಲಿಫ್ಟಿಗೆ ಕಾಯುವಾಗ, ಕಿಟಕಿಗೊರಗಿ ಎಡಗೈಯಲ್ಲಿ ಚಹಾ ಕುಡಿಯುವಾಗಲೂ. ಮೂವತ್ತು ವರ್ಷ ದುಡಿದ ನರ್ಸಿಗೆ ಅಷ್ಟು ಚಟವೂ ಇರಬಾರದೇ ಎಂದು ನಾವೆಲ್ಲ ನಕ್ಕು, ಹೆಸರೊಂದನ್ನು ಅಂಟಿಸಿ, ಸುಮ್ಮನಾಗಿದ್ದೆವು.

ಹಸುಗೂಸಿನ ನೂಲೆಳೆಯಂಥ ರಕ್ತನಾಳವನ್ನು ಮೊದಲ ಯತ್ನದಲ್ಲೇ ಹಿಡಿಯುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. ಚುಚ್ಚುವ ಮೊದಲೇ “ಮುಗೀತು ಕಂದಾ, ಮುಗೀತು” ಎಂದುಬಿಡುವರು. ಕೂಸು ನಂಬುತ್ತಿತ್ತೋ ಇಲ್ಲವೋ, ತಾಯಂದಿರಂತೂ ನಂಬುತ್ತಿದ್ದರು. ಸುಡುಬೇಸಿಗೆಯಲ್ಲೂ ಮೈಮೇಲೆ ಬೂದುಬಣ್ಣದ ಸ್ವೆಟರ್. ಕೆಲಸಕ್ಕಿಳಿದಾಗ ಅದರ ಬಲತೋಳು ಮೊಣಕೈವರೆಗೆ ಸರಿಯುತ್ತಿತ್ತು, ಎಡತೋಳು ಮಾತ್ರ ಮಣಿಕಟ್ಟು ಬಿಟ್ಟು ಮೇಲೇರುತ್ತಿರಲಿಲ್ಲ.

ವಾರ್ಡಿನ ದಾಖಲೆ ಬರೆಯುವ ಗುಮಾಸ್ತನಾದ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವರ ಸಹಿ. ಒಂದು ಕಾಲಕ್ಕೆ ಕಾಲುಚಾಚಿ ಮಲಗಿದಂತಿರುತ್ತಿದ್ದ ಆ ಅಕ್ಷರಗಳು ತಿಂಗಳಿಂದ ತಿಂಗಳಿಗೆ ಕುಗ್ಗಿ, ಕಡೆಗೆ ಇರುವೆಸಾಲಿನಷ್ಟಾದವು. ನಡೆಯುವಾಗ ಎಡಗೈ ಬೀಸುತ್ತಿತ್ತು, ಬಲಗೈ ಪಕ್ಕೆಗಂಟಿಕೊಂಡಿರುತ್ತಿತ್ತು. ಒಮ್ಮೆ ಸ್ಪಿರಿಟ್ಟಿನ ಬಾಟಲಿ ಒಡೆದು ನಾವೆಲ್ಲ ಮೂಗು ಮುಚ್ಚಿಕೊಂಡು ಓಡಿದರೆ, ಅವರು ಅಲ್ಲೇ ನಿಂತು “ಏನಾಯ್ತು?” ಎಂದು ಕೇಳಿದರು. ಇವನ್ನೆಲ್ಲ ಒಂದಕ್ಕೊಂದು ಜೋಡಿಸುವ ಬುದ್ಧಿ ನನಗೆ ಬರಲಿಲ್ಲ.

ಒಂದು ಬೆಳಿಗ್ಗೆ ಹೊಸ ರಿಜಿಸ್ಟರಿಗೆಂದು ಉಗ್ರಾಣದ ಬಾಗಿಲು ತಳ್ಳಿದೆ. ಅಕ್ಕ ಸ್ಟೂಲಿನ ಮೇಲೆ ಕುಳಿತು, ಎಡತೋಳು ಮೇಲೇರಿಸಿ, ತಮ್ಮ ಕೈಗೆ ತಾವೇ ಸೂಜಿ ಚುಚ್ಚಿಕೊಳ್ಳುತ್ತಿದ್ದರು. ತೋಳಿನುದ್ದಕ್ಕೂ ನೀಲಿ ಕಲೆಗಳು. ಊಹಿಸಬಾರದ್ದನ್ನೆಲ್ಲ ಊಹಿಸಿದೆ.

“ಬಾಗಿಲು ಹಾಕಪ್ಪ ಮೊದಲು. ಅಮಲು ಬರೋ ಮದ್ದೇನಲ್ಲ ಇದು. ನನಗೆ ನಾನೇ ಇಟ್ಕೊಂಡಿರೋ ಪರೀಕ್ಷೆ.”

ಸೂಜಿ ತೆಗೆದು, ಬಲಗೈಯನ್ನು ಬರಿದಾಗಿ ಮಡಿಲಲ್ಲಿಟ್ಟರು. ಮರುಕ್ಷಣವೇ ಅದು ನಡುಗತೊಡಗಿತು, ಇಲ್ಲದ ಹತ್ತಿಯನ್ನು ಹೆಬ್ಬೆರಳು ಉರುಳಿಸುವಂತೆ.

“ಪಾರ್ಕಿನ್ಸನ್ ಅಂತೆ, ನಡುಕದ ಕಾಯಿಲೆ. ಅಕ್ಷರ ಸಣ್ಣಗಾಗಿದ್ದು, ವಾಸನೆ ತಿಳಿಯದೆ ಹೋಗಿದ್ದು ಎಲ್ಲಾ ಅದರಿಂದ್ಲೇ. ಸುಮ್ನಿದ್ರೆ ನಡುಗುತ್ತೆ, ಕೆಲಸ ಹಿಡಿದ್ರೆ ನಿಲ್ಲುತ್ತೆ. ಎಷ್ಟು ದಿನ ಹಿಂಗೆ ನಿಲ್ಲುತ್ತೆ ಅನ್ನೋದು ಡಾಕ್ಟರಿಗೂ ಗೊತ್ತಿಲ್ಲ. ಅದಕ್ಕೇ ದಿನಾ ಇಲ್ಲಿ ನೋಡ್ಕೋತೀನಿ. ಒಂದೇ ಸಲಕ್ಕೆ ನರ ಸಿಗಲಿಲ್ವೋ, ಅವತ್ತಿಂದ ಯಾವ ಮಗೂಗೂ ಚುಚ್ಚಲ್ಲ. ಅಲ್ಲೀತನಕ ಬಾಯಿ ಬಿಡಬೇಡ.”

ಬಿಡಲಿಲ್ಲ. ಆದರೆ ನನ್ನ ನೆಮ್ಮದಿ ಅಂದಿಗೇ ಹಾರಿಹೋಯಿತು. ಹೇಳಿದರೆ ಅಕ್ಕನ ಕೆಲಸ ಹೋಗುತ್ತದೆ. ಹೇಳದಿದ್ದರೆ ಯಾವ ಕೂಸಿಗೆ ಏನು ಕಾದಿದೆಯೋ. ಮಗುವೊಂದು ಕಿಟಾರನೆ ಕಿರುಚಿದರೆ ಸಾಕು, ಪೆನ್ನು ಎಸೆದು ಎದ್ದು ನಿಲ್ಲುತ್ತಿದ್ದೆ. ಪ್ರತಿದಿನ ಉಗ್ರಾಣದಿಂದ ಹೊರಬರುವ ಅವರ ಮುಖವನ್ನು ಓದಲು ನೋಡುತ್ತಿದ್ದೆ. ಅವರು ಸಣ್ಣಗೆ ತಲೆಯಾಡಿಸಿದ ಮೇಲೆಯೇ ನನಗೆ ಉಸಿರು. ಹೀಗೆ ಏಳು ತಿಂಗಳು ಕಳೆದವು.

ಆ ದಿನ ಅವರು ತಲೆಯಾಡಿಸಲಿಲ್ಲ. ಎಡತೋಳಿನ ಸ್ವೆಟರನ್ನು ಸರಿಸಿ ತೋರಿಸಿದರು: ಎರಡು ಚುಚ್ಚಿಗೆ ಎರಡು ಪ್ಲಾಸ್ಟರು. ಸೂಪರಿಂಟೆಂಡೆಂಟರ ಕೋಣೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ವಾಂತಿಭೇದಿಯಿಂದ ಒಣಗಿಹೋಗಿದ್ದ ಆರು ವಾರದ ಕೂಸೊಂದನ್ನು ಅದರ ಅಪ್ಪ ಹೊತ್ತು ತಂದ. ಪಾಳಿಯಲ್ಲಿದ್ದ ಕಿರಿಯ ಸಿಸ್ಟರ್ ಎರಡು ಬಾರಿ ಯತ್ನಿಸಿ ಸೋತು, ಬೆವರುತ್ತ ನಿಂತಿದ್ದಳು. “ಅಕ್ಕನೇ ಹಾಕ್ಲಿ, ಅವರ ಕೈಗುಣ ಒಳ್ಳೇದು” ಎಂದು ಕೂಸಿನ ಅಪ್ಪ ಕೈಮುಗಿದ.

ಹೊಸ ಸೂಜಿ ಅಕ್ಕನ ಕೈಗೆ ಬಂತು. ನಾನು ಕುರ್ಚಿ ಬಿಟ್ಟೆದ್ದೆ. ಕೈ ಕಲ್ಲಿನಂತೆ ನಿಂತಿತ್ತು. ನಾನೂ ಕಂಡೆ, ಅವರೂ ಕಂಡರು. ಮೂವತ್ತು ವರ್ಷದ ಅಭ್ಯಾಸ, ಅಪ್ಪನ ಕಣ್ಣೀರು, ನಡುಗದ ಆ ಕೈ ಎಲ್ಲವೂ ‘ಚುಚ್ಚು’ ಎನ್ನುತ್ತಿದ್ದವು. ಅವರು ಸೂಜಿಯನ್ನು ಆ ಸಿಸ್ಟರಿಗೆ ಮರಳಿ ಕೊಟ್ಟರು.

“ಅಯ್ಯೋ ಅಕ್ಕಾ, ನೀವೇ ಹಾಕಿ!” ಎಂದಳು ಆಕೆ.

“ಹಾಕಲ್ಲ. ನನಗೆ ಪಾರ್ಕಿನ್ಸನ್ ಇದೆ,” ಎಂದರು, ಇಡೀ ವಾರ್ಡಿಗೆ ಕೇಳುವಂತೆ. “ನನ್ನ ಎಡಗೈ ಬೆರಳು ಎಲ್ಲಿದೆ ನೋಡು. ಅದರ ಪಕ್ಕಕ್ಕೇ ಹೋಗು. ಆತುರ ಬೇಡ.”

ಎಡಗೈಯ ತೋರುಬೆರಳು ಕೂಸಿನ ಪಾದದ ಮೇಲೆ ತಡಕಾಡಿ ಒಂದೆಡೆ ನಿಂತಿತು. ಸಿಸ್ಟರ್ ಅದರ ಪಕ್ಕ ಚುಚ್ಚಿದಳು, ಸೂಜಿಯ ಹಿಂತುದಿಯಲ್ಲಿ ರಕ್ತದ ಹನಿ ಮಿನುಗಿತು: ನಾಳ ಸಿಕ್ಕಿತ್ತು. ಆಮೇಲಷ್ಟೇ ಅಕ್ಕ “ಮುಗೀತು ಕಂದಾ” ಎಂದರು. ಬಲಗೈ ಎಲ್ಲರೆದುರು, ಹತ್ತಿಯಿಲ್ಲದೆ, ನಡುಗುತ್ತಿತ್ತು. ಅವರು ಅದನ್ನು ಬಚ್ಚಿಡಲಿಲ್ಲ.

ಎಂದೂ ತಪ್ಪದ ಕೈಗೇ ಕೈಗುಣವಿರುವುದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಜಗತ್ತು ಕೈಮುಗಿದು ನಂಬುವಾಗಲೂ ತಮ್ಮ ಕೈಯನ್ನು ದಿನವೂ ಮರೆಯಲ್ಲಿ ಅನುಮಾನಿಸಿ, ತಮ್ಮ ಮೈಮೇಲೇ ಪರೀಕ್ಷಿಸಿಕೊಳ್ಳುವ ಇಂಥ ಕೆಲವರಿರುತ್ತಾರೆ. ನಮ್ಮ ಮಕ್ಕಳು ಉಳಿದು ಬೆಳೆಯುವುದರಲ್ಲಿ ಅವರ ಕೌಶಲದ ಪಾಲೆಷ್ಟೋ, ಯಾರಿಗೂ ಕಾಣದ ಅವರ ಭಯದ ಪಾಲೂ ಅಷ್ಟೇ ಇರುತ್ತದೆ.