ಬಣ್ಣ ಬಿಡದ ಶಾಲು

“ಆ ರೋಗವನ್ನ ಈ ಎರಡು ಕೈಯಲ್ಲಿ ಒಗೆದು, ಹಿಂಡಿ, ಕ್ಲಿಪ್ಪು ಹಾಕಿ ತಂತಿ ಮೇಲೆ ಒಣಹಾಕಿದೋನು ನಾನು. ಸಂಜೆ ಹೊತ್ತಿಗೆ ಗರಿಗರಿ ಆಗಿತ್ತು. ಇಸ್ತ್ರಿ ಮಾಡಿ ಮಡಚಿಟ್ಟೆ. ದೊಡ್ಡ ದೊಡ್ಡ ಡಾಕ್ಟರುಗಳು ಸಾಲಾಗಿ ಬಂದು ಕೈಮುಗಿದು ಹೋದ್ರು. ಬೇಕಾದ್ರೆ ಅಕ್ಕನ್ನ ಕೇಳಿ.”

ಇಸ್ತ್ರಿ ಅಕ್ಕ ತಲೆ ಎತ್ತಲಿಲ್ಲ. “ಇಸ್ತ್ರಿ ಮಾಡೋದು ನಾನು. ಅದನ್ನೂ ಅವನೇ ಮಾಡ್ದ ಅಂತಾನೆ ನೋಡಮ್ಮ,” ಎಂದಳು.

ವಿಶ್ವವಿದ್ಯಾಲಯದಿಂದ ಬಂದಿದ್ದ ಹುಡುಗಿ ನಕ್ಕಳು. ಬಟ್ಟೆ ಮಡಚುವ ಮೇಜಿನ ಮೇಲೆ ಅವಳ ಬೆಂಕಿಪೊಟ್ಟಣದಷ್ಟು ರೆಕಾರ್ಡಿಂಗ್ ಮಿಷನ್ನು ಕೆಂಪು ಕಣ್ಣು ಬಿಟ್ಟುಕೊಂಡು ಕೇಳಿಸಿಕೊಳ್ಳುತ್ತಿತ್ತು.

ಆಸ್ಪತ್ರೆಯ ನೆಲಮಾಳಿಗೆ ಅದು. ಆನೆಯನ್ನು ನುಂಗಿದರೂ ತೇಗದಂಥ ಒಗೆಯುವ ಡ್ರಮ್ಮುಗಳು, ನೆರಳಿಗೂ ಬೆವರು ಬರಿಸುವ ಸೆಕೆ. ಅಲ್ಲಿ ಬಟ್ಟೆ ಒಗೆಯುವ ಅವನನ್ನು ಎಲ್ಲರೂ ಬುರುಡೆ ಎಂದು ಕರೆಯುತ್ತಿದ್ದುದು ತಲೆ ಬೋಳಾಗಿದ್ದಕ್ಕಲ್ಲ. ತಲೆಯೂ ಬೋಳಾಗಿತ್ತು, ಅದು ಬೇರೆ ಮಾತು. ಅವನು ಬಿಡುತ್ತಿದ್ದ ಬುರುಡೆಗಳನ್ನು ಗಂಟು ಕಟ್ಟಿದ್ದರೆ ಆ ಆಸ್ಪತ್ರೆಗೆ ಇನ್ನೊಂದು ಮಹಡಿ ಕಟ್ಟಿಸಬೇಕಾಗುತ್ತಿತ್ತು.

ರೋಗದ ಆ ತಿಂಗಳುಗಳನ್ನು ಸಾಧಾರಣ ಜನ ಹೇಗೆ ಕಳೆದರು ಎಂದು ಹುಡುಗಿ ಊರೆಲ್ಲ ಸುತ್ತಿ ಕೇಳುತ್ತಿದ್ದಳು. ಹೇಳಿದ್ದೆಲ್ಲ ಗ್ರಂಥಾಲಯದಲ್ಲಿ ಉಳಿಯುತ್ತದೆ, ಯಾರು ಬೇಕಾದರೂ ಬಂದು ಕೇಳಬಹುದು. ಜೊತೆಗೆ ಒಂದೊಂದು ಜಾಗದಿಂದ ಒಂದೊಂದು ವಸ್ತು ತಂದು ಪ್ರದರ್ಶನಕ್ಕೆ ಇಡುತ್ತಾರೆ.

ಬೆಳಿಗ್ಗೆಯೇ ಮ್ಯಾನೇಜರ್ ಇಳಿದು ಬಂದಿದ್ದ. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ದಾರಿಗೆ ಅಡ್ಡವಾಗಿದ್ದ ಗಂಟೊಂದನ್ನು ಬೂಟಿನಲ್ಲಿ ತಳ್ಳಿ ಹೇಳಿದ: “ಮೇಲಿನೋರು ಪರ್ಮಿಷನ್ ಕೊಟ್ಟಿದಾರೆ ಅಂತ ಆ ಹುಡುಗೀನ ಒಳಗೆ ಬಿಡ್ತಿದೀನಿ. ಆಸ್ಪತ್ರೆ ಹೆಸರಿಗೆ ಮಸಿ ಬಳಿದ್ಯೋ, ನಾಳೆಯಿಂದ ಗೇಟಿನ ಆಚೆ ನಿಂತ್ಕೊಂಡು ಬುರುಡೆ ಬಿಡ್ತಿರು. ತಿಳೀತೇನೋ ಬೋಳಿಮಗನೆ?”

“ತಿಳೀತು ಸಾರ್. ನಿಮ್ಮನ್ನ ಎಷ್ಟು ಹೊಗಳ್ತೀನಿ ಅಂದ್ರೆ ನಿಮಗೇ ನಾಚಿಕೆ ಆಗ್ಬೇಕು.”

ಮ್ಯಾನೇಜರ್ ಮೆಟ್ಟಿಲು ಹತ್ತಿದ ಮೇಲೆ ಅಕ್ಕ ಹತ್ತಿರ ಬಂದಿದ್ದಳು. “ಇವತ್ತಾದ್ರೂ ನಿನ್ನ ಹೆಂಡ್ತಿ ವಿಷಯ ಹೇಳಪ್ಪಾ. ಇವರ ಬಾಯಲ್ಲಿ ಅವಳು ಸತ್ತೇ ಇಲ್ಲ, ಕೆಲಸ ಬಿಟ್ಟು ಹೋದ್ಲು ಅಂತೆ. ಆ ಪಾಪದೋಳು ಇದ್ಲು, ಇಲ್ಲೇ ದುಡಿದು ಇಲ್ಲೇ ಹೋದ್ಲು ಅಂತ ಎಲ್ಲಾದ್ರೂ ಒಂದು ಕಡೆ ಉಳೀಬೇಡ್ವಾ?”

“ಹೇಳ್ತೀನಿ ಅಕ್ಕಾ. ನಾನು ಬಾಯಿ ಬಿಟ್ರೆ ಈ ಗೋಡೆ ಅಳ್ಬೇಕು, ಹಂಗೆ ಹೇಳ್ತೀನಿ.”

ಆದರೆ ಹುಡುಗಿಯ ಹಿಂದೆಯೇ ಮ್ಯಾನೇಜರ್ ಕೂಡ ಬಂದ. ಬಾಗಿಲ ಬಳಿ ಇದ್ದ ಒಂದೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ. ಬುರುಡೆಯ ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು.

“ಆಗ ನಿಮಗೆ ಕೈಗವಸು, ಮಾಸ್ಕು ಎಲ್ಲ ಸಿಗ್ತಿತ್ತಾ ಅಣ್ಣಾ?” ಹುಡುಗಿ ಕೇಳಿದಳು.

“ಅಯ್ಯೋ, ಎಂಥಾ ಕೈಗವಸು ಅಂತೀರಿ. ಎಷ್ಟು ತೆಳ್ಳಗೆ, ಎಷ್ಟು ನಯ ಅಂದ್ರೆ, ಹಾಕ್ಕೊಂಡ್ರೆ ಹಾಕ್ಕೊಂಡಂಗೇ ಅನ್ಸಲ್ಲ. ಇವತ್ತಿನವರೆಗೂ ಯಾರ ಕಣ್ಣಿಗೂ ಬಿದ್ದಿಲ್ಲ. ಸಾರ್ ಕೊಡಿಸಿದ್ದು.”

ಮ್ಯಾನೇಜರ್ ತಲೆಯಾಡಿಸಿದ. ಅರ್ಧ ತಲೆಯಾಡಿಸಿದ ಮೇಲೆ ಮಾತಿನ ಒಳಗಿನ ಮುಳ್ಳು ಚುಚ್ಚಿತೇನೋ, ನಿಲ್ಲಿಸಿದ. ಅಕ್ಕ ಕೆಮ್ಮಿದಳು.

“ಮನೇಲಿ ಯಾರ್ಯಾರು ಇದ್ರಿ?”

“ಮನೆಗೆ ಯಾರು ಬಿಟ್ರು? ನಮ್ಮನ್ನೆಲ್ಲ ಇಲ್ಲೇ ಕೂಡಿ… ಇಲ್ಲೇ ಅರಮನೆ ಥರ ಇಟ್ಕೊಂಡಿದ್ರು. ಡ್ರಮ್ಮಿನ ಸಂದೀಲಿ ಹಾಸಿಗೆ. ನನ್ನ ಹೆಂಡ್ತಿ ಮೇಲೆ, ರೋಗದ ವಾರ್ಡಲ್ಲಿ ಕಸ ಗುಡಿಸ್ತಿದ್ಲು. ಅವಳಿಗೂ ನನಗೂ ಖಾಸಗಿ ಟೆಲಿಫೋನ್ ಇತ್ತು, ಇಡೀ ಊರಲ್ಲಿ ಯಾರಿಗೂ ಇಲ್ದೇ ಇರೋದು.”

ಅವನು ಗೋಡೆಯ ಕಡೆ ತೋರಿಸಿದ. ಮೇಲಿನ ವಾರ್ಡುಗಳಿಂದ ಕೊಳೆ ಬಟ್ಟೆಯ ಗಂಟುಗಳು ಜಾರಿ ಬೀಳುವ ತಗಡಿನ ಕೊಳವೆ ಅಲ್ಲಿ ಬಾಯಿ ತೆರೆದುಕೊಂಡಿತ್ತು.

“ಮೇಲಿಂದ ಅದರೊಳಗೆ ತಲೆ ಹಾಕಿ ಕೂಗೋಳು. ‘ಏಯ್ ಬುರುಡೇ, ಇದೀಯೋ ಸತ್ತ್ಯೋ?’ ನಾನು, ‘ಸತ್ತು ಆಗ್ಲೇ ತುಂಬಾ ಹೊತ್ತಾಯ್ತು ಕಣೇ, ರಜಾ ಕೊಟ್ಟಿಲ್ಲ ಅಂತ ಕೆಲ್ಸ ಮಾಡ್ತಿದೀನಿ’ ಅನ್ನೋನು. ಅವಳು ನಕ್ರೆ ತಗಡು ಅದುರಿ ಡ್ರಮ್ಮು ತಾನಾಗೇ ತಿರುಗ್ತಿತ್ತು.”

ಆ ಟೆಲಿಫೋನು ಹೇಗೆ ಕಡಿದುಹೋಯಿತು ಎಂಬುದನ್ನು ಅವನು ಹೇಳಲಿಲ್ಲ. ಒಂದು ದಿನ ಇದೇ ಮ್ಯಾನೇಜರ್, ಚಂದ್ರಲೋಕಕ್ಕೆ ಹೊರಟವನಂತೆ ಅಡಿಯಿಂದ ಮುಡಿಯವರೆಗೆ ಪ್ಲಾಸ್ಟಿಕ್ ತೊಟ್ಟು ಬಾಗಿಲಲ್ಲಿ ನಿಂತು ಕಿರುಚಿದ್ದ. “ಇದೇನು ನಿಮ್ಮಪ್ಪನ ಮನೆ ಬಚ್ಚಲೇನೋ? ಮೇಲೆ ಜನ ಸಾಯ್ತಿದಾರೆ, ಇಲ್ಲಿ ಗಂಡಹೆಂಡ್ತಿಗೆ ಕೊಳವೇಲಿ ಸರಸ ಬೇಕಾ? ಇನ್ನೊಂದು ಸಲ ಸದ್ದು ಕೇಳಿಸಿದ್ರೆ ಇಬ್ಬರನ್ನೂ ಒದ್ದು ಆಚೆ ಹಾಕ್ತೀನಿ.” ಆಮೇಲೆ ಕೊಳವೆಯಿಂದ ಗಂಟುಗಳು ಮಾತ್ರ ಬಿದ್ದವು. ಅದು ಬಾಯಿ ಮುಚ್ಚು ಎಂದಿದ್ದಕ್ಕೆ ಬಂದ ಮೌನವೋ, ಬೇರೆಯ ಮೌನವೋ, ಕೆಳಗೆ ನಿಂತವನಿಗೆ ಹೇಗೆ ತಿಳಿಯಬೇಕು? ಮೇಲೆ ಹೋಗಿ ನೋಡೋಣವೆಂದರೆ ಮೆಟ್ಟಿಲಿಗೆ ಬೀಗ.

“ಅವರಿಗೆ ಭಯ ಆಗ್ಲಿಲ್ವಾ, ಆ ವಾರ್ಡಲ್ಲಿ?”

“ಭಯಾನಾ? ಅವಳಿಗೆ ಒಂದು ಕಡುಗೆಂಪು ಶಾಲು ತಂದುಕೊಟ್ಟಿದ್ದೆ. ಏಳು ಸಮುದ್ರದಲ್ಲಿ ನೆನೆಸಿದ್ರೂ ಬಣ್ಣ ಬಿಡಲ್ಲ, ಬಿಟ್ರೆ ನನ್ನ ಮೀಸೆ ಬೋಳಿಸು ಅಂದಿದ್ದೆ. ಮಾಸ್ಕೇ ಬೇಡ, ನನ್ನ ಗಂಡನ ಶಾಲು ಸಾಕು ಅಂತ ಅದನ್ನೇ ಮೂಗಿಗೆ ಬಾಯಿಗೆ ಸುತ್ಕೊಂಡ್ಲು. ಪೊರಕೆ ತಗೊಂಡು ರೋಗವನ್ನ ಮೆಟ್ಟಿಲ ಮೇಲೆ ಅಟ್ಟಿಸ್ಕೊಂಡು ಬಂದ್ಲು ನೋಡಿ, ಕೆಳಗೆ ನಾನಿದ್ನಲ್ಲ, ಕುತ್ತಿಗೆ ಹಿಡಿದು ಡ್ರಮ್ಮಿಗೆ ಹಾಕ್ದೆ.”

“ಅವರ ಹತ್ರಾನೂ ಮಾತಾಡಬಹುದಾ? ಈಗ ಎಲ್ಲಿದಾರೆ?”

ಬುರುಡೆ ಮ್ಯಾನೇಜರನ ಬೂಟು ನೋಡಿದ. “ಮನೇಲಿದಾಳೆ. ಅವಳ ಬಾಯಿಗೆ ನಿಮ್ಮ ಮಿಷನ್ ತಡೆಯಲ್ಲಮ್ಮ, ಸುಟ್ಟುಹೋಗುತ್ತೆ.”

ಸುಟ್ಟ ವಾಸನೆ ನಿಜವಾಗಿಯೂ ಬಂತು. ಅಕ್ಕನ ಇಸ್ತ್ರಿಪೆಟ್ಟಿಗೆ ದಿಂಬಿನ ಕವರಿನ ಮೇಲೆ ನಿಂತೇ ಬಿಟ್ಟಿತ್ತು. ಅವಳು ಬುರುಡೆಯನ್ನೇ ನೋಡುತ್ತಿದ್ದಳು.

“ಸುಳ್ಳು ಮೇಡಂ,” ಮ್ಯಾನೇಜರ್ ಕುಳಿತಲ್ಲಿಂದಲೇ ನಕ್ಕ. “ಇವನ ಹೆಂಡ್ತಿ ಆ ಟೈಮಲ್ಲೇ ಬಿಟ್ಟು ಹೋದ್ಲು.”

ಹುಡುಗಿಯ ಮುಖ ಕೆಂಪಾಯಿತು. “ಸಾರಿ ಅಣ್ಣಾ, ನನಗೆ ಗೊತ್ತಿರಲಿಲ್ಲ,” ಎಂದಳು. ಹೆಂಡತಿ ಬೇರೆಯವನ ಹಿಂದೆ ಹೋದ ಗಂಡನನ್ನು ಜನ ನೋಡುವ ಹಾಗೆ ಅವನನ್ನು ನೋಡಿದಳು. ಬುರುಡೆ ಅದನ್ನೂ ನುಂಗಿಕೊಂಡು ಹಲ್ಲು ಬಿಟ್ಟ. ಅಕ್ಕ ಸುಟ್ಟ ಕವರನ್ನು ಮುದ್ದೆ ಮಾಡಿ ಮೂಲೆಗೆ ಎಸೆದಳು.

ಮಾತು ಬೇರೆ ಕಡೆ ತಿರುಗಿಸಲು ಹುಡುಗಿ ಎದ್ದು ಬಟ್ಟೆಯ ಅಟ್ಟಣೆಯ ಬಳಿ ಹೋದಳು. ಬಿಳಿ ಚಾದರಗಳ ನಡುವಿನಿಂದ ಒಂದನ್ನು ಎಳೆದಳು. ತೆಳು ಗುಲಾಬಿ ಬಣ್ಣದ್ದು, ಅಲ್ಲಲ್ಲಿ ಮೋಡದ ಹಾಗೆ ಗಾಢವಾಗಿತ್ತು.

“ಎಷ್ಟು ಚೆನ್ನಾಗಿದೆ. ಇದು ಯಾಕೆ ಹೀಗಿದೆ?”

“ಅದಾ? ರೋಗವನ್ನ ಹಿಂಡಿದ್ನಲ್ಲ, ಅದರ ರಕ್ತ.” ಬುರುಡೆಯ ದನಿ ಮೊದಲ ಸಲ ಸ್ವಲ್ಪ ಜಾರಿತು.

“ರಕ್ತ ಅಂತೆ,” ಮ್ಯಾನೇಜರ್ ಎದ್ದು ಬಂದ. “ಈ ಕತ್ತೆ ಮಾಡಿದ ಕೆಲಸ ಮೇಡಂ. ಬಿಳಿ ಬಟ್ಟೆ ಜೊತೆ ಯಾವುದೋ ಕೆಂಪು ಬಟ್ಟೆ ಹಾಕಿ ಒಂದು ಡ್ರಮ್ಮು ಚಾದರ ಹಾಳು ಮಾಡ್ದ. ಆವತ್ತೇ ಒದ್ದು ಓಡಿಸಬೇಕಿತ್ತು. ಪಾಪ ಅಂತ ಬಿಟ್ಟೆ.”

“ಯಾರ ಬಟ್ಟೆ?” ಹುಡುಗಿ ಕೇಳಿದಳು. ಕೇಳಿ, ಕೈಯಲ್ಲಿದ್ದ ಚಾದರ ನೋಡಿದಳು. ಆಮೇಲೆ ನಿಧಾನವಾಗಿ ಬುರುಡೆಯ ಕಡೆ ತಿರುಗಿದಳು. “ಅಣ್ಣಾ, ಆ ಶಾಲು ಬಣ್ಣ ಬಿಡಲ್ಲ ಅಂದ್ರಿ.”

ಡ್ರಮ್ಮೊಂದು ತಿರುಗುತ್ತ ತಿರುಗುತ್ತ ನಿಂತಿತು. ಬುರುಡೆ ಚಾದರದ ಕಡೆ ಒಂದು ಹೆಜ್ಜೆ ಇಟ್ಟ.

“ಹೇಳೋ,” ಎಂದಳು ಅಕ್ಕ.

“ಅದನ್ನ ಕೊಡಿ ಮೇಡಂ, ಆಸ್ಪತ್ರೆ ಆಸ್ತಿ. ಪ್ರದರ್ಶನಕ್ಕೆ ಹೊಸ ಚಾದರ ಕೊಡಿಸ್ತೀನಿ,” ಎಂದು ಮ್ಯಾನೇಜರ್ ಕೈ ಚಾಚಿದ. ಅವನಿಗಿಂತ ಮೊದಲು ಬುರುಡೆ ಚಾದರದ ಇನ್ನೊಂದು ತುದಿ ಹಿಡಿದುಕೊಂಡಿದ್ದ.

“ರೋಗವನ್ನ ಹಿಂಡಿದೆ ಅಂದ್ನಲ್ಲಮ್ಮ, ಸುಳ್ಳು. ಯಾವ ಡಾಕ್ಟರೂ ಇಳಿದು ಬರ್ಲಿಲ್ಲ. ಆ ವಾರ್ಡಿನ ಗಂಟನ್ನ ಬಿಚ್ಚಬಾರದು, ಇಡೀ ಗಂಟೇ ಡ್ರಮ್ಮಿಗೆ ಹಾಕಬೇಕು ಅಂತಿದ್ರು. ಬಿಸಿನೀರಿಗೆ ಗಂಟು ತಾನಾಗೇ ಸಡಿಲ ಆಗುತ್ತೆ. ಹಾಕ್ದೆ. ನೀರು ಕೆಂಪಗೆ ಬಂತು. ಯಾವ ಮುಂಡೇಮಗ ಬಣ್ಣದ ಬಟ್ಟೆ ಸೇರಿಸಿದ್ದು ಅಂತ ಬಯ್ಕೊಂಡೇ ಬಾಗಿಲು ತೆಗೆದೆ. ಮೇಲೇ ಇತ್ತು ಶಾಲು.”

“ಬಾಯಿ ಮುಚ್ಚೋ,” ಎಂದ ಮ್ಯಾನೇಜರ್. ಚಾದರವನ್ನು ತನ್ನ ಕಡೆ ಎಳೆದ.

“ಯಾರೂ ಹೇಳ್ಲಿಲ್ಲಮ್ಮ. ಕಾಯಿಲೆ ಬಂತು ಅಂತಾನೂ ಹೇಳ್ಲಿಲ್ಲ, ಹೋದ್ಲು ಅಂತಾನೂ ಹೇಳ್ಲಿಲ್ಲ. ನನಗೆ ಹೇಳಿದ್ದು ಆ ಡ್ರಮ್ಮು. ಎಲ್ಲಿಗೆ ತಗೊಂಡು ಹೋದ್ರೋ ಇವತ್ತಿಗೂ ಗೊತ್ತಿಲ್ಲ. ಮಾಸ್ಕು ಬೇಡ ಅನ್ನಲಿಲ್ಲ ಅವಳು, ಕಸ ಗುಡಿಸೋರಿಗೆ ಇಲ್ಲ ಅಂದ್ರು. ಆ ಶಾಲು ಬಣ್ಣ ಬಿಡುತ್ತೆ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನನ್ನ ಮೀಸೆ ಉಳಿಸೋಕೆ ಅಂತ ಯಾವತ್ತೂ ಬೇರೆ ಬಟ್ಟೆ ಜೊತೆ ನೆನೆಸಲಿಲ್ಲ ಅವಳು. ಹಿಂಡಿದೆ. ಎಷ್ಟು ಹಿಂಡಿದ್ರೂ ಕೆಂಪೇ. ಅಷ್ಟೇ ನಾನು ಮಾಡಿದ್ದು.”

“ಮೇಡಂ, ಆ ಮಿಷನ್ ಆಫ್ ಮಾಡಿ. ಮೊದಲು ಆಫ್ ಮಾಡಿ.”

ಹುಡುಗಿಯ ಕೈ ಮಿಷನ್ನಿನ ಮೇಲೆ ಹೋಗಿ ನಿಂತಿತು. ಒತ್ತಲೂ ಇಲ್ಲ, ಹಿಂದಕ್ಕೆ ತೆಗೆಯಲೂ ಇಲ್ಲ. ಕೊಳವೆಯಲ್ಲಿ ಗಡಗಡ ಸದ್ದಾಗಿ ಒಂದು ಗಂಟು ಧೊಪ್ಪನೆ ಕೆಳಗೆ ಬಿತ್ತು. ಎಲ್ಲರೂ ಆ ಕಡೆ ತಿರುಗಿದರು. ಬುರುಡೆಯೊಬ್ಬ ತಿರುಗಲಿಲ್ಲ.

“ಬಿಡೋ ಸೂಳೆಮಗನೆ,” ಮ್ಯಾನೇಜರ್ ಎರಡೂ ಕೈಯಲ್ಲಿ ಜಗ್ಗಿದ. ಹಳೆಯ ಬಟ್ಟೆ ನಡುವೆ ಚರ್ರೆಂದು ಬಿರಿಯತೊಡಗಿತು. “ಕೆಲಸ ಹೋಯ್ತು ನಿಂದು, ಗೊತ್ತಾಯ್ತಾ? ಬಿಡು.”

ಬುರುಡೆ ಬಿಡಲಿಲ್ಲ.